ಸ್ಟೆಲೇರಿಯಂ ಒಂದು ಹೇಳುತ್ತೆ, ಎಂಪಿಸಿ ಇನ್ನೊಂದು: ಕ್ಷುದ್ರಗ್ರಹ ಹಿಡಿಯೋಕೆ ಯಾವುದನ್ನ ನಂಬಬೇಕು?

ಬಯಲುಗಣ್ಣು

ಎಲ್ಲರಿಗೂ ನಮಸ್ಕಾರ. ಹಿರಿಯೂರಿನ ಹತ್ತಿರ ನಮ್ಮ ತೋಟದ ಮನೆ ಮಾಳಿಗೆ ಮೇಲೆ 8 ಇಂಚಿನ ನ್ಯೂಟೋನಿಯನ್ ಇಟ್ಟಿದ್ದೀನಿ. ಫೋಕಲ್ ಲೆಂತ್ 1000 ಮಿ.ಮೀ., ಕ್ಯಾಮೆರಾ 3.76 ಮೈಕ್ರಾನ್ ಪಿಕ್ಸೆಲ್‌ನ ಚೌಕ ಸೆನ್ಸರ್. ಒಂದು ಫ್ರೇಮಿಗೆ ಸುಮಾರು 39 ಆರ್ಕ್‌ಮಿನಿಟ್ (60 ಸೇರಿದರೆ ಒಂದು ಡಿಗ್ರಿ) ಆಕಾಶ ಸಿಗುತ್ತೆ. ಇಷ್ಟು ದಿನ ನೆಬ್ಯುಲಾ ಫೋಟೋ ತೆಗೀತಿದ್ದೆ. ಈಗ ಕ್ಷುದ್ರಗ್ರಹಗಳ ಸ್ಥಾನ ಅಳೆದು ಅವುಗಳ ಲೆಕ್ಕ ಇಡೋ ಮೈನರ್ ಪ್ಲಾನೆಟ್ ಸೆಂಟರ್‌ಗೆ (ಎಂಪಿಸಿ) ಕಳಿಸಬೇಕು ಅಂತ ಹುಚ್ಚು ಹತ್ತಿದೆ.

ಭೂಮಿಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ಹಾದು ಹೋಗ್ತಿದ್ದ ಒಂದನ್ನ ಹಿಡಿಯೋಣ ಅಂತ ಕೂತೆ. ಆಕಾಶದ ನಕ್ಷೆ ತೋರಿಸೋ ಸಾಫ್ಟ್‌ವೇರ್ ಸ್ಟೆಲೇರಿಯಂ ತೋರಿಸಿದ ಜಾಗಕ್ಕೂ ಎಂಪಿಸಿಯ ಸ್ಥಾನಪಟ್ಟಿಗೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ. ಎಂಪಿಸಿ ಪಟ್ಟಿಗೂ ಅಂಥದ್ದೇ ಪಟ್ಟಿ ಕೊಡೋ ನಾಸಾದವರ ಹೊರೈಜನ್ಸ್‌ಗೂ 13 ಆರ್ಕ್‌ಮಿನಿಟ್. ಹೊರೈಜನ್ಸ್ ಅಂಕಿಗಳನ್ನೇ ಮೌಂಟಿನ ಹ್ಯಾಂಡ್‌ಸೆಟ್‌ಗೆ ಕೊಟ್ಟು ಒಂದು ಫ್ರೇಮ್ ತೆಗೆದು ಪ್ಲೇಟ್ ಸಾಲ್ವ್ ಮಾಡಿದ್ರೆ, ಅಂದ್ರೆ ಫ್ರೇಮಿನ ನಕ್ಷತ್ರಗಳಿಂದ ಜಾಗ ಗುರುತಿಸಿದ್ರೆ, ದೂರದರ್ಶಕ ಇನ್ನೂ 20 ಆರ್ಕ್‌ಮಿನಿಟ್ ಆಚೆ ನಿಂತಿದೆ. ಮೂರು ಕಡೆ ಮೂರು ಉತ್ತರ. ಯಾರನ್ನ ನಂಬೋದು?

ಕಾಲಮಾಪಕ

ಮೂವರೂ ನಿಜವನ್ನೇ ಹೇಳ್ತಿದ್ದಾರೆ, ಕೇಳಿದ ಪ್ರಶ್ನೆ ಮಾತ್ರ ಬೇರೆ ಬೇರೆ. ವ್ಯತ್ಯಾಸದ ಗಾತ್ರ ನೋಡಿದರೇ ಕಳ್ಳ ಯಾರು ಅಂತ ಗೊತ್ತಾಗುತ್ತೆ. ನೀವು ಅಂಕಿ ಕೊಟ್ಟಿದ್ದು ಒಳ್ಳೇದಾಯ್ತು.

ಮೊದಲನೆಯದು, ಒಂದು ಡಿಗ್ರಿಗಿಂತ ಹೆಚ್ಚು. ಇದು ಹಳೇ ಕಕ್ಷೆಯ ಕೆಲಸ. ಸ್ಟೆಲೇರಿಯಂನಲ್ಲಿ ಕೂತಿರೋದು ನೀವು ಯಾವತ್ತೋ ಇಳಿಸಿಕೊಂಡ ಕಕ್ಷೆಯ ಅಂಶಗಳು (ಎಲಿಮೆಂಟ್ಸ್). ಅದು ಸೂರ್ಯನೊಬ್ಬನ ಸೆಳೆತ ಮಾತ್ರ ಇಟ್ಟುಕೊಂಡು ಮುಂದಕ್ಕೆ ಲೆಕ್ಕ ಹಾಕುತ್ತೆ. ಗುರು, ಭೂಮಿ ಎಳೆಯೋದನ್ನ ಗಣನೆಗೆ ತಗೊಳ್ಳಲ್ಲ. ಮಂಗಳ, ಗುರುಗಳ ನಡುವೆ ಸುತ್ತೋ ದೂರದ ಮುಖ್ಯ ಪಟ್ಟಿಯ (ಮೇನ್ ಬೆಲ್ಟ್) ಕ್ಷುದ್ರಗ್ರಹಕ್ಕೆ ಕೆಲವು ತಿಂಗಳು ಹಾಗೇ ನಡೆಯುತ್ತೆ. ಭೂಮಿ ಪಕ್ಕದಲ್ಲೇ ಹಾಯುವುದಕ್ಕೆ ಎಲಿಮೆಂಟ್ಸ್ ಒಂದು ವಾರ ಹಳೆಯದಾದರೂ ಕಷ್ಟ. ಸೌರವ್ಯೂಹ ಸಂಪಾದಕ ಪ್ಲಗಿನ್‌ನಿಂದ ಎಂಪಿಸಿಯ ಹೊಸ ಎಲಿಮೆಂಟ್ಸ್ ಎಳೆದುಕೊಳ್ಳಿ. ಆಮೇಲೂ ಅದನ್ನ ನಕ್ಷೆಯಾಗಿ ಬಳಸಿ, ಅಳತೆಗೋಲಾಗಿ ಬೇಡ.

ಎರಡನೆಯದು, 13 ಆರ್ಕ್‌ಮಿನಿಟ್. ಎಂಪಿಸಿ ಪಟ್ಟಿ ತೆಗೆಯುವಾಗ ವೀಕ್ಷಣಾಲಯದ ಕೋಡ್ ಜಾಗದಲ್ಲಿ 500 ಇತ್ತೋ ಏನೋ ನೋಡಿ. 500 ಅಂದ್ರೆ ಭೂಮಿಯ ಕೇಂದ್ರ. ನೀವು ಭೂಮಿಯ ಕೇಂದ್ರದಲ್ಲಿ ಕೂತಿಲ್ಲ, ಅಲ್ಲಿಂದ ಸುಮಾರು 6,378 ಕಿ.ಮೀ. ಮೇಲೆ ಮಾಳಿಗೆಯಲ್ಲಿದ್ದೀರಿ. ಒಂದು ಖಗೋಳಮಾನ (ಭೂಮಿ-ಸೂರ್ಯರ ನಡುವಿನ ಅಂತರ) ದೂರದ ವಸ್ತುವಿಗೆ ಇದರಿಂದ ಬರೋ ಪಲ್ಲಟ ಹೆಚ್ಚೆಂದರೆ 8.8 ಆರ್ಕ್‌ಸೆಕೆಂಡ್ (60 ಸೇರಿದರೆ ಒಂದು ಆರ್ಕ್‌ಮಿನಿಟ್). 15 ಲಕ್ಷ ಕಿ.ಮೀ. ಅಂದ್ರೆ ಅದರ ನೂರನೇ ಒಂದು ಭಾಗ ದೂರ, ಪಲ್ಲಟ ನೂರು ಪಟ್ಟು, ಅಂದ್ರೆ 880 ಆರ್ಕ್‌ಸೆಕೆಂಡ್, ಹತ್ತಿರ ಹತ್ತಿರ 15 ಆರ್ಕ್‌ಮಿನಿಟ್. ಇದು ದಿಗಂತದಲ್ಲಿದ್ದಾಗಿನ ಲೆಕ್ಕ, ನೆತ್ತಿ ಮೇಲೆ ಬಂದರೆ ಸೊನ್ನೆ. ನಿಮ್ಮದು ಸುಮಾರು 30 ಡಿಗ್ರಿ ಎತ್ತರದಲ್ಲಿದ್ದಿರಬೇಕು. 13 ಸರಿಯಾಗಿ ಕೂತುಕೊಳ್ಳುತ್ತೆ.

ಮೂರನೆಯದು, 20 ಆರ್ಕ್‌ಮಿನಿಟ್. ಇದು ಅಯನಚಲನೆ, ಭೂಮಿಯ ಅಕ್ಷ ನಿಧಾನಕ್ಕೆ ತಿರುಗೋದರಿಂದ ನಿರ್ದೇಶಾಂಕಗಳು ಸರಿಯೋದು. ಪಟ್ಟಿಗಳು 2000ನೇ ಇಸವಿಯ ನಿರ್ದೇಶಾಂಕಗಳಲ್ಲಿ ಇರುತ್ತವೆ. ಹ್ಯಾಂಡ್‌ಸೆಟ್ ಇವತ್ತಿನ ನಿರ್ದೇಶಾಂಕ ಕೇಳುತ್ತೆ. ವರ್ಷಕ್ಕೆ 50 ಆರ್ಕ್‌ಸೆಕೆಂಡ್ ಅಂದ್ರೆ ಕಾಲು ಶತಮಾನಕ್ಕೆ 20 ದಾಟುತ್ತೆ. ನಿಮ್ಮ ಫ್ರೇಮಿನ ಅರ್ಧ ಅಗಲ 19.5, ಹಾಗಾಗಿ ವಸ್ತು ಅಂಚಿನಿಂದ ಆಚೆ ಹೋಗಿದೆ.

ಬಯಲುಗಣ್ಣು

ಸರ್, 30 ಡಿಗ್ರಿ ಅಂದಿದ್ದು ಹೇಗೆ ಗೊತ್ತಾಯ್ತು! 32 ಇತ್ತು. ಕೋಡ್ ಜಾಗದಲ್ಲಿ ನಾನೇನೂ ಹಾಕಿರಲಿಲ್ಲ, ಅದೇ 500 ತಗೊಂಡಿದೆ. ನನಗೆ ಕೋಡ್ ಇಲ್ಲವಲ್ಲ, ಕಾವಲೂರಿನ 220 ಹಾಕಿದ್ರೆ ನಡೆಯುತ್ತಾ? ಹತ್ತಿರದ ವೀಕ್ಷಣಾಲಯ ಅದೇ ತಾನೇ?

ಕಾಲಮಾಪಕ

ಹುಡುಕೋಕೆ ನಡೆಯುತ್ತೆ, ವರದಿಗೆ ನಡೆಯಲ್ಲ. ಜವ್ವಾದಿ ಬೆಟ್ಟದ ಕಾವಲೂರಿಗೂ ಹಿರಿಯೂರಿಗೂ ನೇರವಾಗಿ ಸುಮಾರು 280 ಕಿ.ಮೀ. ನಿಮ್ಮ 15 ಲಕ್ಷ ಕಿ.ಮೀ. ದೂರದ ಕಲ್ಲಿಗೆ ಅದು 38 ಆರ್ಕ್‌ಸೆಕೆಂಡ್‌ವರೆಗೆ ಪಲ್ಲಟ ತರುತ್ತೆ. ಫ್ರೇಮಿನೊಳಗೆ ಬೀಳಿಸೋಕೆ ಅದೇನೂ ಅಲ್ಲ. ಅಳತೆಯಲ್ಲಿ ನಾವು ಅರ್ಧ ಆರ್ಕ್‌ಸೆಕೆಂಡಿಗೆ ಜಗಳ ಆಡೋರು. ಬೇಕಿಲ್ಲ ಅಂದ್ರೆ ಕೋಡ್ ಬಿಟ್ಟು ಅಕ್ಷಾಂಶ, ರೇಖಾಂಶ, ಎತ್ತರ ಹಾಕಿ. ಎಂಪಿಸಿ, ಹೊರೈಜನ್ಸ್ ಎರಡೂ ತಗೊಳ್ಳುತ್ತವೆ.

ಗದಗಿನ ಗಾಳಿ

ಎತ್ತರದ ಮಾತ ಬಂತಲ್ಲ, ಒಂದ್ ಚೂರ್ ಹೇಳ್ತೀನ್ರಿ. ಫೋನ್ ತೋರ್ಸೋ ಎತ್ತರ ಸಮುದ್ರಮಟ್ಟದ್ದೋ, ಜಿಪಿಎಸ್ ಎಲಿಪ್ಸಾಯ್ಡಿಂದೋ ನೋಡ್ಕೋಬೇಕು. ನಮ್ ದಕ್ಷಿಣ ಭಾರತದಾಗ ಎರಡಕ್ಕೂ ಎಂಬತ್ತು-ತೊಂಬತ್ತು ಮೀಟರ್ ಫರಕ್ ಐತಿ. ಶ್ರೀಲಂಕಾದ ಕೆಳಗ ಭೂಮಿಯ ಗುರುತ್ವದ್ದ ದೊಡ್ಡ ತಗ್ಗ ಐತಲ್ಲ, ಅದರ ಪ್ರಭಾವ. ಆದ್ರ ಇದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. 15 ಲಕ್ಷ ಕಿ.ಮೀ. ದೂರಕ್ಕ ಅದು ಆರ್ಕ್‌ಸೆಕೆಂಡಿನ ನೂರನೇ ಒಂದು ಪಾಲು. ಫಾರ್ಮ್ ತುಂಬೂವಾಗ ಸರಿಯಾಗಿ ತುಂಬಿದ್ರ ಮುಗೀತು.

ಮಂಜುಮುಗಿಲು

ನಾನು ಮಡಿಕೇರಿ ಕಡೆಯವಳು, ವರ್ಷದಲ್ಲಿ ಅರ್ಧ ದಿನ ಆಕಾಶ ಕಾಣೋದೇ ಇಲ್ಲ, ಹಾಗಾಗಿ ಪ್ಲಾನ್ ಮಾಡೋದರಲ್ಲೇ ಪರಿಣತಿ ಬಂದಿದೆ! ಪಟ್ಟಿಯಲ್ಲಿ ಆರ್‌ಎ, ಡೆಕ್ (ಆಕಾಶದ ರೇಖಾಂಶ, ಅಕ್ಷಾಂಶ ಇದ್ದಂತೆ) ನೋಡಿ ಎದ್ದು ಹೋಗ್ತಾರೆ ಬಹಳ ಜನ. ನಾನು ಮೊದಲು ನೋಡೋದು ಚಲನೆಯ ಕಾಲಂ, ನಿಮಿಷಕ್ಕೆ ಎಷ್ಟು ಆರ್ಕ್‌ಸೆಕೆಂಡ್ ಅಂತ. ಮುಖ್ಯ ಪಟ್ಟಿಯದ್ದು ನಮ್ಮ ಆಕಾಶದಲ್ಲಿ ಸೂರ್ಯನ ವಿರುದ್ಧ ದಿಕ್ಕಿಗೆ ಬಂದಾಗ ಅರ್ಧ ಆರ್ಕ್‌ಸೆಕೆಂಡಿನ ಆಸುಪಾಸು ಹಿಂದಕ್ಕೆ ಸರಿಯುತ್ತೆ. ನಕ್ಷತ್ರದ ಚುಕ್ಕಿ 3 ಆರ್ಕ್‌ಸೆಕೆಂಡ್ ದಪ್ಪ ಅಂತಿಟ್ಟುಕೊಂಡರೆ ಐದಾರು ನಿಮಿಷ ತೆರೆದಿಟ್ಟರೂ ಗೆರೆ ಆಗಲ್ಲ. ನಿಮಿಷಕ್ಕೆ 20 ಓಡೋದಾದರೆ 9 ಸೆಕೆಂಡಿಗೆ ಗೆರೆ ಶುರು. ಆಗ ಚಿಕ್ಕ ಚಿಕ್ಕ ಎಕ್ಸ್‌ಪೋಷರ್ ನೂರಾರು ತೆಗೆದು, ಕ್ಷುದ್ರಗ್ರಹದ ವೇಗಕ್ಕೆ ತಕ್ಕಂತೆ ಸರಿಸಿ ಸ್ಟ್ಯಾಕ್ ಮಾಡಬೇಕು, ಅಂದ್ರೆ ಒಂದರ ಮೇಲೊಂದು ಕೂಡಿಸಬೇಕು. ಆಸ್ಟ್ರೋಮೆಟ್ರಿಕಾ, ಟೈಕೋ ಟ್ರ್ಯಾಕರ್ ಎರಡೂ ಸಾಫ್ಟ್‌ವೇರ್ ಇದನ್ನ ಮಾಡ್ತವೆ. ನಕ್ಷತ್ರಗಳು ಗೆರೆಯಾಗಿ, ಮಧ್ಯೆ ಒಂದೇ ಒಂದು ಚುಕ್ಕಿ ಎದ್ದು ಬರೋದು ನೋಡೋದೇ ಒಂದು ಸುಖ.

ಆಮೇಲೆ ಚಂದ್ರ ಎಷ್ಟು ದೂರ, ಹಿನ್ನೆಲೆ ಎಲ್ಲಿದೆ ಅಂತ. ಆಕಾಶಗಂಗೆಯ ಮೇಲೆ ಹಾಯ್ತಿದ್ದರೆ ಪ್ರತಿ ಎರಡನೇ ಫ್ರೇಮಿಗೆ ಯಾವುದಾದರೂ ನಕ್ಷತ್ರದ ಮೇಲೆ ಕೂತಿರುತ್ತೆ. ಅಂಥ ಫ್ರೇಮ್ ಅಳೆಯಬೇಡಿ.

ನಿಷ್ಠುರವಾದಿ

ಉತ್ಸಾಹಕ್ಕೆ ನೀರೆರಚೋದು ಬೇಡ ಅನಿಸಿದರೂ ಕೇಳ್ತೀನಿ. ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನ ತೋರಿಸಿದಾಗಲೇ ಸುಮಾರು ಹತ್ತು ಗಂಟೆಯ ವೀಕ್ಷಣೆಯಲ್ಲಿ 2,104 ಹೊಸ ಕ್ಷುದ್ರಗ್ರಹ ಸಿಕ್ಕಿವೆ ಅಂತ ಹೇಳಿದ್ರು. ಹತ್ತೇ ಗಂಟೆ! ಮಾಳಿಗೆ ಮೇಲಿನ 8 ಇಂಚು ಇನ್ನೇನು ಸೇರಿಸುತ್ತೆ? ಎರಡು ರಾತ್ರಿ ನಿದ್ದೆಗೆಟ್ಟು ಕಳಿಸಿದ ಆರು ಸಾಲು ಯಾರಿಗೆ ಬೇಕು?

ಟೂಸಾನ್ ವಾಸಿ

ಸಾರ್, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಹೊಸದು ಕಂಡುಹಿಡಿಯೋ ಆಟದಲ್ಲಿ 8 ಇಂಚಿಗೆ ಜಾಗ ಇಲ್ಲ, ಒಪ್ಪಿದೆ. ಆದರೆ ರೂಬಿನ್ ಕೆಲಸದ ರೀತಿ ನೋಡಿ. ಒಂದು ವಸ್ತುವನ್ನ ಹೊಸದು ಅಂತ ಗುರುತಿಸೋಕೆ ಅದಕ್ಕೆ ಹದಿನೈದು ದಿನದೊಳಗೆ ಮೂರು ರಾತ್ರಿಯ ಜೋಡಿ ಚಿತ್ರ ಬೇಕು. ಇವತ್ತು ಕಂಡು ನಾಳೆ ಹಾದುಹೋಗೋದಕ್ಕೆ ಅದು ಓಡಿಬರಲ್ಲ. ಅಷ್ಟು ದೊಡ್ಡ ಕನ್ನಡಿಗೆ ತೀರಾ ಪ್ರಕಾಶಮಾನವಾದದ್ದು ಕಣ್ಣು ಕುಕ್ಕುತ್ತೆ ಬೇರೆ.

ಅರಿಜೋನಾದ ನಮ್ಮೂರು ಟೂಸಾನಿನ ಹಿಂದೆ ಕಾಣೋ ಲೆಮ್ಮನ್ ಬೆಟ್ಟದ ಮೇಲೆ ಕ್ಯಾಟಲಿನಾ ಸಮೀಕ್ಷೆಯ ದೂರದರ್ಶಕ ಇದೆ. 2008ರ ಅಕ್ಟೋಬರ್ 6ರಂದು ಅಲ್ಲಿಂದ ಸಿಕ್ಕಿದ್ದು 2008 ಟಿಸಿ3, ನಾಲ್ಕು ಮೀಟರ್‌ನ ಕಲ್ಲು. ಇಪ್ಪತ್ತು ಗಂಟೆಯೊಳಗೆ ಸುಡಾನಿನ ಮರುಭೂಮಿ ಮೇಲೆ ಬಿತ್ತು. ಭೂಮಿಗೆ ಬೀಳೋ ಮುಂಚೆಯೇ ಆಕಾಶದಲ್ಲಿ ಕಂಡ ಮೊದಲ ಕ್ಷುದ್ರಗ್ರಹ. ಅಷ್ಟರೊಳಗೆ ವೃತ್ತಿಪರರೂ ಹವ್ಯಾಸಿಗಳೂ ಸೇರಿ ಐನೂರಕ್ಕೂ ಹೆಚ್ಚು ಅಳತೆ ಕಳಿಸಿದ್ರು. ಅದರಿಂದಲೇ ಎಲ್ಲಿ ಬೀಳುತ್ತೆ ಅಂತ ಗೊತ್ತಾಗಿದ್ದು, ಆಮೇಲೆ ವಿದ್ಯಾರ್ಥಿಗಳು ಸಾಲಾಗಿ ನಡೆದು ಅಲ್ಮಹಾತಾ ಸಿತ್ತಾ ಉಲ್ಕಾಶಿಲೆಗಳನ್ನ ಹೆಕ್ಕಿದ್ದು.

ಇನ್ನೊಂದು ವಿಷಯ ರೇಖಾಂಶ. ಅರಿಜೋನಾ, ಹವಾಯಿಯಲ್ಲಿ ಸಿಕ್ಕಿದ್ದು ಎನ್‌ಇಒಸಿಪಿ ಪುಟಕ್ಕೆ, ಅಂದ್ರೆ ದೃಢೀಕರಣಕ್ಕೆ ಕಾಯ್ತಿರೋ ವಸ್ತುಗಳ ಪಟ್ಟಿಗೆ, ಬರೋ ಹೊತ್ತಿಗೆ ಇಲ್ಲಿ ಬೆಳಗಾಗಿರುತ್ತೆ. ಭಾರತದಲ್ಲಿ ಕತ್ತಲಾಗ್ತಾ ಇರುತ್ತೆ. ಲಡಾಖಿನ ಹಾನ್ಲೆ, ಕಾವಲೂರು ಬಿಟ್ಟರೆ ನಿಮ್ಮ ಉದ್ದಗಲಕ್ಕೆ ಕೋಡ್ ಇಟ್ಟುಕೊಂಡು ನಿಯಮಿತವಾಗಿ ಅಳೆಯೋ ಜನ ಬಹಳ ಕಡಿಮೆ. ಅಲ್ಲಿಂದ ಬರೋ ಮೂರು ಸಾಲಿಗೆ ಇಲ್ಲಿಂದ ಹೋಗೋ ಮೂವತ್ತು ಸಾಲಿನ ತೂಕ ಇದೆ.

ನಿಷ್ಠುರವಾದಿ

ರೇಖಾಂಶದ ಮಾತು ಒಪ್ಪಿದೆ. ಆದರೆ ಆ ಪುಟದಲ್ಲಿರೋ ಬಹುಪಾಲು 20, 21ರ ಕಾಂತಿಮಾನದ ಮಂಕಿನವು (ಅಂಕಿ ಹೆಚ್ಚಾದಷ್ಟೂ ಮಂಕು). 8 ಇಂಚಿಗೆ ಎಲ್ಲಿ?

ಟೂಸಾನ್ ವಾಸಿ

ಬಹುಪಾಲು ಹೌದು. 18ರೊಳಗಿನವೂ ಬರ್ತಾವೆ, ವಿಶೇಷವಾಗಿ ಹತ್ತಿರ ಹಾಯುವವು. ಆ ಪುಟದಲ್ಲಿ ಇನ್ನೊಂದು ನೋಡಬೇಕು. ಸ್ಥಾನದ ಪಕ್ಕ ಅನಿಶ್ಚಿತತೆಯ ನಕ್ಷೆ ಇರುತ್ತೆ, ಚುಕ್ಕಿಗಳ ಮೋಡದ ತರ. ಸಿಕ್ಕ ಮೂರ್ನಾಲ್ಕು ಅಳತೆಗೆ ಹೊಂದುವ ಬೇರೆ ಬೇರೆ ಕಕ್ಷೆಗಳು ಅವು. ಒಂದೊಂದು ಕಕ್ಷೆಯೂ ವಸ್ತುವನ್ನ ಒಂದೊಂದು ಕಡೆ ತೋರಿಸುತ್ತೆ. ಮೋಡ ಎರಡು ಡಿಗ್ರಿ ಉದ್ದ ಇದ್ದರೆ ನಿಮ್ಮ 39 ಮಿನಿಟ್ ಫ್ರೇಮಿಗೆ ಅದು ಲಾಟರಿ. ಮೋಡ ಫ್ರೇಮಿನೊಳಗೆ ಹಿಡಿಸುವಂಥದ್ದನ್ನ ಆರಿಸಿ. ನಂಬರು ಸಿಕ್ಕ ಹಳೇ ಕ್ಷುದ್ರಗ್ರಹಕ್ಕೆ ಈ ಮೋಡ ಒಂದು ಆರ್ಕ್‌ಸೆಕೆಂಡಿಗಿಂತ ಚಿಕ್ಕದು, ಹೊಸದಕ್ಕೆ ಗಂಟೆಗಂಟೆಗೂ ಹಿಗ್ಗುತ್ತೆ.

2024 ವೈಆರ್4 ಗಲಾಟೆ ನೆನಪಿದೆಯಲ್ಲ? 2024ರ ಡಿಸೆಂಬರ್ 27ರಂದು ಚಿಲಿಯ ಅಟ್ಲಾಸ್ ದೂರದರ್ಶಕಕ್ಕೆ ಸಿಕ್ಕಿತು. 2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯೋ ಸಾಧ್ಯತೆ 2025ರ ಫೆಬ್ರವರಿ 18ಕ್ಕೆ ಶೇ. 3.1ಕ್ಕೆ ಏರಿತ್ತು. ಟಿವಿಯವರು ಪ್ರಳಯ ಅಂದ್ರು. ಒಂದು ವಾರದೊಳಗೆ ಸೊನ್ನೆ ಹತ್ತಿರ ಬಂತು. ಏರಿದ್ದಕ್ಕೆ ಕಾರಣ ಅಪಾಯ ಹೆಚ್ಚಿದ್ದಲ್ಲ. ಮೋಡ ಚಿಕ್ಕದಾಗ್ತಾ ಬಂತು, ಭೂಮಿ ಇನ್ನೂ ಅದರೊಳಗೇ ಇತ್ತು, ಹಾಗಾಗಿ ಭೂಮಿಯ ಪಾಲು ದೊಡ್ಡದಾಗಿ ಕಂಡಿತು. ಇನ್ನಷ್ಟು ಅಳತೆ ಬಂದು ಮೋಡ ಮತ್ತೂ ಕುಗ್ಗಿ ಭೂಮಿಯಿಂದ ಆಚೆ ಸರಿಯಿತು. ಅಪೋಫಿಸ್ ಕಥೆಯೂ ಇದೇ. 2004ರ ಡಿಸೆಂಬರಿನಲ್ಲಿ ಶೇ. 2.7. ಅದೇ ವರ್ಷದ ಮಾರ್ಚಿನ ಹಳೇ ಚಿತ್ರಗಳಲ್ಲಿ ಅದು ಸಿಕ್ಕಿದ ಮೇಲೆ ಭಯ ಹೋಯ್ತು. 2029ರ ಏಪ್ರಿಲ್ 13ಕ್ಕೆ ನೆಲದಿಂದ ಸುಮಾರು 32,000 ಕಿ.ಮೀ. ಮೇಲೆ ಹಾಯುತ್ತೆ, ಬಡಿಯಲ್ಲ.

ಪುತ್ತೂರು ಟೀಚರ್

ನಮಸ್ತೆ. ನಮ್ಮ ಶಾಲೆಯ ಮಕ್ಕಳು ಐಎಎಸ್‌ಸಿ ಅನ್ನೋ ಕ್ಷುದ್ರಗ್ರಹ ಹುಡುಕೋ ಅಭಿಯಾನದಲ್ಲಿ ಭಾಗವಹಿಸ್ತಾರೆ. ಹವಾಯಿಯ ಪ್ಯಾನ್-ಸ್ಟಾರ್ಸ್ ಚಿತ್ರಗಳನ್ನ ಅಮೆರಿಕದಿಂದ ಕಳಿಸ್ತಾರೆ, ಮಕ್ಕಳು ಆಸ್ಟ್ರೋಮೆಟ್ರಿಕಾದಲ್ಲಿ ನಾಲ್ಕು ಫ್ರೇಮ್ ಮಿಣುಕಿಸಿ ಚಲಿಸೋ ಚುಕ್ಕಿ ಹುಡುಕಿ ವರದಿ ಮಾಡ್ತಾರೆ. ಹೋದ ಸಲ ಪ್ರಮಾಣಪತ್ರ ಬಂದ ಮಾರನೇ ದಿನ ಪೇಪರಲ್ಲಿ "ಕ್ಷುದ್ರಗ್ರಹ ಕಂಡುಹಿಡಿದ ವಿದ್ಯಾರ್ಥಿನಿ" ಅಂತ ಬಂತು. ಊರಲ್ಲಿ ಸನ್ಮಾನ ಆಯ್ತು. ಮಗು ಈಗ ಕೇಳ್ತಾಳೆ: "ಟೀಚರ್, ಅದಕ್ಕೆ ನಮ್ಮ ಅಜ್ಜಿ ಹೆಸರು ಯಾವಾಗ ಇಡೋದು?" ನಾನು ಏನು ಹೇಳಲಿ? ಮನಸ್ಸು ಮುರಿಯಬಾರದು, ಸುಳ್ಳೂ ಹೇಳಬಾರದು.

ಕಾಲಮಾಪಕ

ಟೀಚರ್, ಮೆಟ್ಟಿಲುಗಳನ್ನೇ ತೋರಿಸಿಬಿಡಿ. ಮಕ್ಕಳಿಗೆ ಮೆಟ್ಟಿಲು ಅರ್ಥ ಆಗುತ್ತೆ, ಪೇಪರಿನವರಿಗೇ ಆಗಲ್ಲ.

ಮಗು ಗುರುತಿಸಿದ್ದು ಪ್ರಾಥಮಿಕ ಪತ್ತೆ. ಅದನ್ನ ಇನ್ನೊಂದು ರಾತ್ರಿ ಯಾರಾದರೂ ನೋಡಿ, ಎಂಪಿಸಿಯವರು ಎರಡನ್ನೂ ಜೋಡಿಸಿದರೆ ತಾತ್ಕಾಲಿಕ ಹೆಸರು ಸಿಗುತ್ತೆ. ಜೋಡಿಸೋಕೆ ಆಗದ ತುಣುಕುಗಳು ಒಂಟಿ ತುಣುಕುಗಳ ದೊಡ್ಡ ಕಡತಕ್ಕೆ ಹೋಗಿ ಕೂರುತ್ತವೆ. ವರ್ಷಗಳ ನಂತರ ಯಾವುದೋ ಕಕ್ಷೆಗೆ ತಾಳೆಯಾಗಿ ಎದ್ದು ಬರೋದೂ ಉಂಟು. ಆಮೇಲೆ ಹಲವು ಸಲ ಸೂರ್ಯನ ವಿರುದ್ಧ ದಿಕ್ಕಿಗೆ ಬಂದಾಗ ಕಂಡು, ಕಕ್ಷೆ ಗಟ್ಟಿಯಾದ ಮೇಲೆ ನಂಬರು. ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ. ನಂಬರು ಬಂದ ಮೇಲೇ ಹೆಸರಿನ ಮಾತು. ಅದನ್ನ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ ಒಪ್ಪಬೇಕು, 16 ಅಕ್ಷರ ಮೀರಬಾರದು. ಆ ಹೊತ್ತಿಗೆ ಹುಡುಗಿ ಕಾಲೇಜು ಮುಗಿಸಿರ್ತಾಳೆ.

ತಾತ್ಕಾಲಿಕ ಹೆಸರನ್ನ ಬಿಡಿಸೋದು ಕ್ಲಾಸಿನಲ್ಲಿ ಮಾಡಿಸಿ, ಚೆನ್ನಾಗಿರುತ್ತೆ. 2024 ವೈಆರ್4 ಅಂದ್ರೆ: ವೈ ಅಂದ್ರೆ ಡಿಸೆಂಬರಿನ ಎರಡನೇ ಅರ್ಧ. ತಿಂಗಳಿಗೆ ಎರಡರಂತೆ ಅಕ್ಷರ, ಐ ಬಿಟ್ಟು. ಆರ್ ಅಂದ್ರೆ ಐ ಬಿಟ್ಟು ಎಣಿಸಿದರೆ 17ನೆಯದು. ಕೊನೆಯ 4 ಅಂದ್ರೆ ಇಪ್ಪತ್ತೈದು ಅಕ್ಷರದ ಸುತ್ತು ನಾಲ್ಕು ಸಲ ಮುಗಿದಿದೆ. ನಾಲ್ಕು ಇಪ್ಪತ್ತೈದು ನೂರು, ಕೂಡಿಸು 17. ಆ ಹದಿನೈದು ದಿನದಲ್ಲಿ ಹೆಸರು ಪಡೆದ 117ನೆಯದು. ವರದಿಯ ಹಳೇ ಸಾಲಿನಲ್ಲಿ ಇದನ್ನೇ ಒತ್ತಿ ಕೆ24ವೈ04ಆರ್ ಅಂತ ಬರೀತಾರೆ, 2024ಕ್ಕೆ ಕೆ24.

ಪುತ್ತೂರು ಟೀಚರ್

117ರ ಲೆಕ್ಕ ನಾಳೆಯೇ ಮಾಡಿಸ್ತೇನೆ. ಉಪಕಾರ ಆಯ್ತು ಸರ್.

ಗದಗಿನ ಗಾಳಿ

ಟೀಚರ್, ಮಕ್ಕಳಿಗೆ ನಮ್ ಕಡೀ ಕಥಿನೂ ಹೇಳ್ರಿ. 1861ರ ಏಪ್ರಿಲ್ 17ಕ್ಕ ಮದ್ರಾಸ್ ವೀಕ್ಷಣಾಲಯದಿಂದ ಪಾಗ್ಸನ್ ಸಾಹೇಬ ಕಂಡುಹಿಡಿದಿದ್ದು 67ನೇದು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೇದು ಅಂತ ಅದಕ್ಕ "ಏಷಿಯಾ" ಅಂತನ ಹೆಸರಿಟ್ರು. ಮದ್ರಾಸಿನಿಂದನ ಅವ್ರಿಗೆ ಇನ್ನೂ ಕೆಲವು ಸಿಕ್ಕವು, ಕಡೀದು 1885ರಾಗ. ಅದಾದ ಮ್ಯಾಲ ಭಾರತದ ನೆಲದಿಂದ ನೂರು ವರ್ಷಕ್ಕೂ ಹೆಚ್ಚು ಒಂದೂ ಸಿಗಲಿಲ್ಲ. 1988ರ ಫೆಬ್ರವರಿಯೊಳಗ ಕಾವಲೂರಿನ 45 ಸೆಂ.ಮೀ. ಷ್ಮಿಟ್ ದೂರದರ್ಶಕದಿಂದ ರಾಜಮೋಹನ್ ಅವರಿಗೆ ಸಿಕ್ಕಿದ್ದು 4130, ಅದಕ್ಕ ರಾಮಾನುಜನ್ ಹೆಸರು. ಆ ಕಾವಲೂರು ನಡೆಸೋದು ನಮ್ ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಅದರ ಬೇರು ಹುಡುಕಿದ್ರ ಕೊಡೈಕೆನಾಲ್ ಮೂಲಕ ಅದ ಹಳೇ ಮದ್ರಾಸ್ ವೀಕ್ಷಣಾಲಯಕ್ಕ ಹೋಗ್ತೈತಿ.

ಬಯಲುಗಣ್ಣು ಅವರ, ನೀವೂ ಮೊದಲು 67 ಏಷಿಯಾದ ಮ್ಯಾಲ ಕೈ ಪಳಗಿಸ್ರಿ. 8 ಇಂಚಿಗೆ ಆರಾಮ ಕಾಣ್ತೈತಿ.

ಬಯಲುಗಣ್ಣು

ಅಪ್‌ಡೇಟ್. ಮೂರೂ ಸರಿ ಮಾಡಿದ್ಮೇಲೆ ಹುಡುಕಿದ್ದು ಹುಡುಕಿದಲ್ಲೇ ಸಿಗ್ತಿದೆ! 67 ಏಷಿಯಾ ಅಲ್ಲದೆ ಮುಖ್ಯ ಪಟ್ಟಿಯ ಇನ್ನೂ ಐದು, ಎರಡು ರಾತ್ರಿ, ಒಂದೊಂದಕ್ಕೆ ನಾಲ್ಕು ಅಳತೆ. ಗಾಯಾ ನಕ್ಷತ್ರ ಕ್ಯಾಟಲಾಗ್ ಇಟ್ಟು ಆಸ್ಟ್ರೋಮೆಟ್ರಿಕಾದಲ್ಲಿ ಅಳೆದೆ, ಕಕ್ಷೆ ಲೆಕ್ಕ ಹಾಕೋ ಫೈಂಡ್ ಆರ್ಬ್‌ಗೆ ಹಾಕಿ ನೋಡಿದೆ. ರೆಸಿಡ್ಯುಯಲ್ (ಲೆಕ್ಕದ ಸ್ಥಾನಕ್ಕೂ ಅಳತೆಗೂ ಇರೋ ವ್ಯತ್ಯಾಸ) ಎಲ್ಲ 0.3 ಆರ್ಕ್‌ಸೆಕೆಂಡಿನೊಳಗೆ. ಒಂದೆರಡು ಮಾತ್ರ 0.4. ಕೋಡ್‌ಗೆ ಅರ್ಜಿ ಹಾಕ್ತಾ ಇದ್ದೀನಿ. ದಿನಾಂಕದ ದಶಮಾಂಶ ಒಂದು ಸರಿ ನೋಡ್ತೀರಾ? 14ನೇ ತಾರೀಕು ಬೆಳಗಿನ ಜಾವ 2 ಗಂಟೆ ನಮ್ಮ ಸಮಯ, ನಾನು ಬರೆದದ್ದು 13.85417.

ಕಾಲಮಾಪಕ

ಸರಿ ಇದೆ. ವಿಶ್ವ ಸಮಯಕ್ಕೆ (ಯುಟಿ) ತರೋಕೆ ಐದೂವರೆ ಗಂಟೆ ಕಳೆದರೆ ಹಿಂದಿನ ದಿನ 20:30, ಅದನ್ನ 24ರಿಂದ ಭಾಗಿಸಿದರೆ 0.85417. ಅದು ಎಕ್ಸ್‌ಪೋಷರಿನ ಮಧ್ಯದ ಸಮಯ ತಾನೇ? ಶುರುವಾದ ಸಮಯ ಅಲ್ಲ. ಸ್ಟ್ಯಾಕ್ ಆದರೆ ಇಡೀ ಸ್ಟ್ಯಾಕಿನ ಮಧ್ಯ. ಎಂಪಿಸಿಯವರು ಈಗ 80 ಕಾಲಮ್ಮಿನ ಹಳೇ ಸಾಲಿಗಿಂತ ಏಡಿಇಎಸ್ ನಮೂನೆಯನ್ನೇ ಬಯಸ್ತಾರೆ, ಅದರಲ್ಲಿ ಸಮಯವನ್ನ ಗಂಟೆ-ನಿಮಿಷ-ಸೆಕೆಂಡಿನಲ್ಲೇ ಬರೀತೀವಿ, ಅಳತೆಯ ದೋಷ ಎಷ್ಟು, ಯಾವ ಕ್ಯಾಟಲಾಗ್ ಅನ್ನೋದಕ್ಕೂ ಅಂಕಣ ಇದೆ. ಹೊಸದಾಗಿ ಶುರು ಮಾಡೋರು ಅದನ್ನೇ ಕಲೀರಿ.

ಆದರೆ ಒಂದು ಮಾತು. 0.3 ಬಂತು ಅಂತ ನೀವು ಗಡಿಯಾರದ ಬಗ್ಗೆ ನಿಶ್ಚಿಂತೆಯಾಗಿದ್ದರೆ, ಬೇಡ. ನೀವು ಅಳೆದದ್ದು ನಿಮಿಷಕ್ಕೆ 0.6 ಸರಿಯೋ ವಸ್ತುಗಳನ್ನ. ನಿಮ್ಮ ಲ್ಯಾಪ್‌ಟಾಪ್ ಗಡಿಯಾರ ಹತ್ತು ಸೆಕೆಂಡ್ ತಪ್ಪಿದ್ದರೂ ಅದರಲ್ಲಿ 0.1 ಆರ್ಕ್‌ಸೆಕೆಂಡ್ ಮಾತ್ರ ಕಾಣುತ್ತೆ, ಗದ್ದಲದಲ್ಲಿ ಮುಚ್ಚಿಹೋಗುತ್ತೆ. ಅದೇ ಗಡಿಯಾರ ಇಟ್ಟುಕೊಂಡು ನಿಮಿಷಕ್ಕೆ 40 ಓಡೋ ಎನ್‌ಇಒ (ಭೂಮಿಯ ಹತ್ತಿರ ಬರೋ ವಸ್ತು) ಅಳೆದರೆ ತಪ್ಪು 6.7 ಆರ್ಕ್‌ಸೆಕೆಂಡ್. ಆ ವರದಿ ಕಕ್ಷೆಯನ್ನ ಗಟ್ಟಿ ಮಾಡೋ ಬದಲು ಎಳೆದಾಡುತ್ತೆ. ಕೋಡ್ ಪರೀಕ್ಷೆಯಲ್ಲಿ ಪಾಸಾಗಿ ಎನ್‌ಇಒದಲ್ಲಿ ಫೇಲ್ ಆಗೋರು ಇದೇ ಕಾರಣಕ್ಕೆ.

ಕಂಡುಹಿಡಿಯೋದು ಸುಲಭ. ರೆಸಿಡ್ಯುಯಲ್‌ಗಳನ್ನ ಆರ್‌ಎ, ಡೆಕ್ ಅಂತ ನೋಡದೆ ಚಲನೆಯ ದಿಕ್ಕಿಗೆ ಎಷ್ಟು, ಅಡ್ಡಕ್ಕೆ ಎಷ್ಟು ಅಂತ ನೋಡಿ. ದಿಕ್ಕಿನುದ್ದಕ್ಕೂ ಒಂದೇ ಕಡೆಗೆ ವಾಲಿದ್ದರೆ ಗಡಿಯಾರ. ಅಡ್ಡಕ್ಕೂ ಚದುರಿದ್ದರೆ ಫೋಕಸ್ಸೋ, ಗಾಳಿಯೋ, ಸ್ಟ್ಯಾಕಿನ ವೇಗವೋ.

ಮಂಜುಮುಗಿಲು

ಆಕಲ್ಟೇಷನ್ ಮಾಡೋರಿಗೂ ಇದೇ ಪಾಠ. ಕ್ಷುದ್ರಗ್ರಹ ನಕ್ಷತ್ರಕ್ಕೆ ಅಡ್ಡ ಬಂದಾಗ ನೆರಳು ನೆಲದ ಮೇಲೆ ಸೆಕೆಂಡಿಗೆ ಹತ್ತಿಪ್ಪತ್ತು ಕಿ.ಮೀ. ಓಡುತ್ತೆ. 0.1 ಸೆಕೆಂಡ್ ತಪ್ಪಿದ್ರೆ ಕ್ಷುದ್ರಗ್ರಹದ ಅಂಚು ಒಂದೆರಡು ಕಿ.ಮೀ. ಸರಿದಂತೆ. ನಾವು ವೀಡಿಯೊದ ಪ್ರತಿ ಫ್ರೇಮಿಗೂ ಜಿಪಿಎಸ್ ಸಮಯ ಒತ್ತಿಸ್ತೀವಿ. ನಕ್ಷತ್ರ ಮಿಣುಕಲೇ ಇಲ್ಲ ಅಂದ್ರೂ ವರದಿ ಹಾಕಿ ಅಂತ ಎಲ್ಲರಿಗೂ ಹೇಳ್ತೀನಿ, ನೆರಳಿನ ಅಂಚು ಎಲ್ಲಿ ಮುಗೀತು ಅನ್ನೋದು ಅದರಿಂದಲೇ ಗೊತ್ತಾಗೋದು.

ಬಯಲುಗಣ್ಣು

ಲ್ಯಾಪ್‌ಟಾಪ್ ಸಮಯ ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಇಂಟರ್ನೆಟ್ಟಿನ ಸಮಯಸೇವೆ ಎನ್‌ಟಿಪಿಯಿಂದ ಬರುತ್ತೆ. ತೋಟದಲ್ಲಿ ಸಿಗ್ನಲ್ ಎರಡು ಕಡ್ಡಿ. ಗಡಿಯಾರ ಸರಿ ಇದೆಯೋ ಇಲ್ಲವೋ ಪರೀಕ್ಷೆ ಮಾಡೋದು ಹೇಗೆ?

ಗದಗಿನ ಗಾಳಿ

ಜಿಪಿಎಸ್ ಉಪಗ್ರಹನ ಫೋಟೋ ಹೊಡೀರಿ! ಅದು ಎಲ್ಲೈತಿ ಅನ್ನೋದು ಜಗತ್ತಿಗೆಲ್ಲ ಮೀಟರ್ ಲೆಕ್ಕದಾಗ ಗೊತ್ತೈತಿ. ನಕ್ಷತ್ರಗಳ ನಡುವ ಸೆಕೆಂಡಿಗೆ 30ರಿಂದ 40 ಆರ್ಕ್‌ಸೆಕೆಂಡ್ ಓಡ್ತೈತಿ. ಸಣ್ಣ ಎಕ್ಸ್‌ಪೋಷರ್ ತಗದು, ಇರಬೇಕಾದ ಜಾಗದಿಂದ ಎಷ್ಟು ಹಿಂದ, ಎಷ್ಟು ಮುಂದ ಐತಿ ನೋಡಿದ್ರ ನಿಮ್ ಗಡಿಯಾರದ ಬಣ್ಣ ಬಯಲು. ಫೈಂಡ್ ಆರ್ಬ್ ಬರೆದ ಬಿಲ್ ಗ್ರೇ ಅವರ ಪ್ರಾಜೆಕ್ಟ್ ಪ್ಲೂಟೊ ತಾಣದಾಗ ಇದಕ್ಕಂತನ ಉಪಗ್ರಹಗಳ ಎಫೆಮೆರಿಸ್ (ಯಾವ ಹೊತ್ತಿಗೆ ಎಲ್ಲಿ ಅನ್ನೋ ಪಟ್ಟಿ) ಕೊಡೋ ಪುಟ ಐತಿ.

ಬಯಲುಗಣ್ಣು

ನಾಲ್ಕು ಉಪಗ್ರಹ ತೆಗೆದೆ. ನಾಲ್ಕೂ ಚಲನೆಯ ದಿಕ್ಕಿನಲ್ಲೇ 28ರಿಂದ 31 ಆರ್ಕ್‌ಸೆಕೆಂಡ್ ಹಿಂದೆ ಇವೆ, ಅಡ್ಡಕ್ಕೆ ಒಂದಕ್ಕಿಂತ ಕಡಿಮೆ. ಅಂದ್ರೆ ಸುಮಾರು 0.8 ಸೆಕೆಂಡ್. ವಿಚಿತ್ರ ಅಂದ್ರೆ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ. ಸಿಗ್ನಲ್ ತೊಂದರೆ ಆಗಿದ್ರೆ ಏರುಪೇರು ಇರಬೇಕಿತ್ತಲ್ಲ?

ಕಾಲಮಾಪಕ

ನಿಮ್ಮ ಅನುಮಾನ ಸರಿ. ನೆಟ್‌ವರ್ಕಿನದಾದರೆ ಕುಣಿದಾಡುತ್ತೆ, ಇದು ಸ್ಥಿರವಾಗಿದೆ. ಬಹುಶಃ ಕ್ಯಾಪ್ಚರ್ ಸಾಫ್ಟ್‌ವೇರ್ ಎಕ್ಸ್‌ಪೋಷರಿನ ನಿಜವಾದ ಶುರು ಬರೆಯದೆ, ಫ್ರೇಮ್ ಕೈಗೆ ಬಂದ ಸಮಯದಿಂದ ಹಿಂದಕ್ಕೆ ಎಣಿಸ್ತಿದೆ. ಯುಎಸ್‌ಬಿಯಲ್ಲಿ ಚಿತ್ರ ಇಳಿಯೋ ಹೊತ್ತು ಸೇರಿಕೊಳ್ಳುತ್ತೆ. ಸಮಯ ತಡವಾಗಿ ಬರೆದರೆ ಉಪಗ್ರಹ ಹಿಂದೆ ಉಳಿದಂತೆ ಕಾಣಲೇಬೇಕು, ದಿಕ್ಕೂ ತಾಳೆಯಾಗುತ್ತೆ. ಇನ್ನೊಂದು ಸಾಫ್ಟ್‌ವೇರಿನಲ್ಲಿ ಅದೇ ಪರೀಕ್ಷೆ ಮಾಡಿ, ಬಿನ್ನಿಂಗ್ (ಪಕ್ಕಪಕ್ಕದ ಪಿಕ್ಸೆಲ್ ಕೂಡಿಸಿ ಒಂದು ಮಾಡೋದು) ಹಾಕಿ ಒಂದು ಸಲ, ಇಲ್ಲದೆ ಒಂದು ಸಲ. ಫೈಲ್ ಚಿಕ್ಕದಾದಾಗ 0.8 ಇಳಿದರೆ ಕಳ್ಳ ಸಿಕ್ಕಿಬಿದ್ದ.

ಬಯಲುಗಣ್ಣು

2×2 ಬಿನ್ನಿಂಗ್‌ನಲ್ಲಿ 0.25ಕ್ಕೆ ಇಳೀತು! ಅದೇ. ಸೆಟ್ಟಿಂಗ್‌ನಲ್ಲಿ ಸಮಯ ಎಲ್ಲಿಂದ ತಗೋಬೇಕು ಅಂತ ಆಯ್ಕೆ ಇತ್ತು, ಬದಲಾಯಿಸಿದ್ಮೇಲೆ ಪೂರ್ತಿ ಫ್ರೇಮಿನಲ್ಲೂ 0.1ರ ಆಸುಪಾಸು. ಹಾಗಾದ್ರೆ ಕೋಡ್ ಅರ್ಜಿಗೆ ಮೊದಲಿನ ಎರಡು ರಾತ್ರಿಯ ಅಳತೆ ಕಳಿಸಲಾ, ಹೊಸದಾಗಿ ತೆಗೆಯಲಾ?

ಕಾಲಮಾಪಕ

0.8 ಸೆಕೆಂಡಿಗೆ ಮುಖ್ಯ ಪಟ್ಟಿಯಲ್ಲಿ 0.008 ಆರ್ಕ್‌ಸೆಕೆಂಡ್. ಯಾರಿಗೂ ಕಾಣಲ್ಲ. ಆದರೂ ತಪ್ಪು ಅಂತ ಗೊತ್ತಿರೋ ಸಮಯವನ್ನ ಹಾಗೇ ಕಳಿಸಬೇಡಿ. ತಿದ್ದಿ ಕಳಿಸಿ, ಇಲ್ಲ ಹೊಸದಾಗಿ ತೆಗೀರಿ. ಚಂದ್ರ ಇನ್ನೂ ತಡವಾಗಿ ಹುಟ್ಟೋ ದಿನಗಳು, ಎರಡು ರಾತ್ರಿ ಸಿಕ್ಕೇ ಸಿಗುತ್ತೆ.

ನಿಷ್ಠುರವಾದಿ

ಇಷ್ಟೆಲ್ಲ ಓದಿದ ಮೇಲೆ ನನ್ನ 6 ಇಂಚು ಅಟ್ಟದಿಂದ ಇಳಿಸಿದ್ದೀನಿ. ನಾನು ಬೆಂಗಳೂರಿನಿಂದ ಒಮ್ಮೆ ಕೋಲಾರ ಕಡೆ, ಒಮ್ಮೆ ಪಾವಗಡ ಕಡೆ ಹೋಗೋನು. ಊರೂರಿಗೂ ಒಂದೊಂದು ಕೋಡ್ ತಗೋಬೇಕಾ?

ಟೂಸಾನ್ ವಾಸಿ

ಬೇಡ ಸಾರ್. ಒಂದೇ ಜಾಗದಲ್ಲಿ ನೆಲೆ ನಿಲ್ಲದವರಿಗೆ 247 ಅಂತ ಕೋಡ್ ಇದೆ, ಅಲೆಮಾರಿ ವೀಕ್ಷಕರದ್ದು. ಪ್ರತಿ ಅಳತೆಯ ಜೊತೆಗೂ ಆ ರಾತ್ರಿ ನಿಂತ ಜಾಗದ ಅಕ್ಷಾಂಶ, ರೇಖಾಂಶ, ಎತ್ತರ ಬರೆಯಬೇಕು. ಅದನ್ನ ಬಳಸೋ ಮೊದಲು ಎಂಪಿಸಿಗೆ ಒಂದು ಮೇಲ್ ಹಾಕಿ ಕೇಳಿಬಿಡಿ. ಪಾವಗಡದಲ್ಲಿ ಸೋಲಾರ್ ಪಾರ್ಕಿನ ದೀಪದ ಕಡೆಗೆ ಬೆನ್ನು ಹಾಕಿ ಕೂತುಕೊಳ್ಳಿ.